ಎರಡು ದಿನದ ಮುಂಬೈ: ಗೇಟ್‌ವೇ, ವಿಟಿ, ಮರೀನ್ ಡ್ರೈವ್ ಫೋಟೋ ಚೆನ್ನಾಗಿ ಬರಬೇಕೆಂದರೆ

ಸೈಟ್ ಕೊಳ್ಳುವಾಗ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ. ಮುಖ ಯಾವ ದಿಕ್ಕಿಗೆ? ಪೂರ್ವವಾ, ಉತ್ತರವಾ? ದಕ್ಷಿಣ ಅಂದರೆ ಮಾತೇ ಮುಂದುವರಿಯುವುದಿಲ್ಲ. ಇಷ್ಟು ದಿಕ್ಕು ನೋಡುವ ನಾವು, ದೊಡ್ಡ ಊರಿಗೆ ಹೋಗಿ ಹೆಸರುವಾಸಿ ಕಟ್ಟಡದ ಎದುರು ಮೊಬೈಲ್ ಎತ್ತುವಾಗ ಮಾತ್ರ ಅದನ್ನು ಕೇಳುವುದೇ ಇಲ್ಲ.

ನಾನೂ ಕೇಳಿರಲಿಲ್ಲ. ಮೊದಲ ಸಲ ಮುಂಬೈಗೆ ಹೋಗಿದ್ದು ದಾದರ್‌ನಲ್ಲಿ ಒಂದು ಮದುವೆಗೆ. ಮರುದಿನ ಪೂರ್ತಿ ಖಾಲಿ. ಜೇಬಿನಲ್ಲಿ ಹನ್ನೊಂದು ಜಾಗಗಳ ಪಟ್ಟಿ. ಬೆಳಿಗ್ಗೆ ಎಂಟಕ್ಕೆ ವಿಟಿ, ಅಂದರೆ ಹಳೆಯ ವಿಕ್ಟೋರಿಯಾ ಟರ್ಮಿನಸ್ ರೈಲು ಸ್ಟೇಷನ್ ಎದುರು ನಿಂತರೆ ಸೂರ್ಯ ಕಟ್ಟಡದ ಹಿಂದೆ. ಎದುರಿನ ಗೋಡೆಗೆ ಮಸಿ ಬಳಿದ ಹಾಗೆ ಬಂತು. ಗೇಟ್‌ವೇ ಆಫ್ ಇಂಡಿಯಾ ತಲುಪಿದಾಗ ಹನ್ನೆರಡೂವರೆ. ನೆತ್ತಿಯ ಮೇಲೆ ಬಿಸಿಲು, ಎಲ್ಲರ ಕಣ್ಣ ಕೆಳಗೂ ಕಪ್ಪು ನೆರಳು, ಅಕ್ಕ ಒಂದು ಕಣ್ಣು ಮುಚ್ಚಿಕೊಂಡೇ ನಿಂತಿದ್ದಾಳೆ. ಮೂರು ಗಂಟೆಗೆ ಮರೀನ್ ಡ್ರೈವ್. ಆಕಾಶ, ಸಮುದ್ರ, ರಸ್ತೆ ಮೂರೂ ಒಂದೇ ಬಿಳಿ. ಸಂಜೆ ಬೆಳಕು ಹಣ್ಣಾಗಿ ಬಂದಾಗ ನಾವು ಟ್ಯಾಕ್ಸಿಯಲ್ಲಿ, ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿದ್ದೆವು. ಮನೆಗೆ ಬಂದು ನೋಡಿದರೆ ನಾನ್ನೂರಕ್ಕೂ ಜಾಸ್ತಿ ಫೋಟೋ, ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ.

ಜಾಗಗಳು ಸರಿಯಾಗಿದ್ದವು. ಅನುಕ್ರಮ ಮಾತ್ರ ಪೂರ್ತಿ ತಿರುಗುಮುರುಗು.

ಆಮೇಲೆ ನಾಲ್ಕೈದು ಸಲ ಹೋಗಿದ್ದೇನೆ. ಈಗ ಎರಡು ದಿನ ಸಿಕ್ಕರೆ ನಾನು ಹೇಗೆ ಓಡಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮೊಬೈಲ್ ಸಾಕು. ಕ್ಯಾಮೆರಾ ಇದ್ದರೆ ಒಳ್ಳೆಯದು, ಇಲ್ಲ ಅಂತ ಬೇಜಾರು ಬೇಡ.

ಹೆಜ್ಜೆ 1: ಮನೆಯಲ್ಲೇ ದಿಕ್ಕಿನ ಲೆಕ್ಕ ಹಾಕಿ

ಗೂಗಲ್ ಮ್ಯಾಪ್‌ನಲ್ಲಿ ಸ್ಯಾಟಲೈಟ್ ನೋಟ ತೆರೆಯಿರಿ. ಮೇಲೆ ಉತ್ತರ, ಬಲಕ್ಕೆ ಪೂರ್ವ. ಕಟ್ಟಡದ ಮುಂಬಾಗಿಲು ಯಾವ ಕಡೆ ತೆರೆದುಕೊಂಡಿದೆ ನೋಡಿ. ಪೂರ್ವಕ್ಕಿದ್ದರೆ ಬೆಳಿಗ್ಗೆ, ಪಶ್ಚಿಮಕ್ಕಿದ್ದರೆ ಸಂಜೆ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಯಾವ ಊರಿಗೆ ಹೋದರೂ ಇದು ನಡೆಯುತ್ತದೆ.

ಮುಂಬೈಯ ಪಟ್ಟಿ ನಾನೇ ಕೊಡುತ್ತೇನೆ. ಗೇಟ್‌ವೇ ಮತ್ತು ತಾಜ್ ಹೋಟೆಲ್ ಇರುವುದು ನಗರದ ಪೂರ್ವ ದಡದಲ್ಲಿ, ಬಂದರಿನ ಕಡೆ ಮುಖ ಮಾಡಿಕೊಂಡು. ಅವೆರಡೂ ಬೆಳಿಗ್ಗೆಗೆ. ಸಾಲಾಗಿ ಬಟ್ಟೆ ಒಗೆಯುವ ಧೋಬಿ ಘಾಟ್ ಕೂಡ ಬೆಳಿಗ್ಗೆಗೇ, ಅಲ್ಲಿ ದಿಕ್ಕಿಗಿಂತ ಕೆಲಸ ನಡೆಯುವ ಹೊತ್ತು ಮುಖ್ಯ. ವಿಟಿಯ ಮುಖ ಪಶ್ಚಿಮಕ್ಕೆ, ಸಂಜೆಗೆ. ಹಾರ್ನಿಮನ್ ಸರ್ಕಲ್ ಎದುರಿನ ಏಷ್ಯಾಟಿಕ್ ಸೊಸೈಟಿಯ ಬಿಳಿ ಕಂಬಗಳ ಕಟ್ಟಡವೂ ಪಶ್ಚಿಮಕ್ಕೆ. ಮರೀನ್ ಡ್ರೈವ್, ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಎರಡೂ ಅರಬ್ಬಿ ಸಮುದ್ರದ ಕಡೆ, ಅಂದರೆ ಸಂಜೆಗೆ.

ಈಗ ಸಮಸ್ಯೆ ಕಾಣಿಸಿತು ಅಲ್ವಾ? ಸಂಜೆಯ ಪಟ್ಟಿ ಉದ್ದ, ಬೆಳಿಗ್ಗೆಯದು ಗಿಡ್ಡ. ಎರಡು ದಿನದ ಪ್ರವಾಸದಲ್ಲಿ ನಿಮ್ಮ ಕೈಯಲ್ಲಿರುವ ಬಂಡವಾಳ ಎರಡು ಸಂಜೆ, ಒಂದು ಬೆಳಗು. ಉಳಿದ ಗಂಟೆಗಳು ಊಟಕ್ಕೆ, ನಿದ್ದೆಗೆ, ಅಂಗಡಿಗೆ.

ಸೂರ್ಯನ ಹೊತ್ತನ್ನೂ ನೋಡಿಕೊಳ್ಳಿ. ಮುಂಬೈ ನಮಗಿಂತ ಪಶ್ಚಿಮಕ್ಕಿದೆ, ಹಾಗಾಗಿ ಅಲ್ಲಿ ಬೆಳಕು ಹರಿಯುವುದೂ ತಡ. ಜನವರಿ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಹತ್ತಿರ ಹತ್ತಿರ 7:15ಕ್ಕೆ. ಬೆಂಗಳೂರಿಗಿಂತ ಸುಮಾರು ಅರ್ಧ ಗಂಟೆ ತಡ. ಬೆಂಗಳೂರಿನ ಲೆಕ್ಕದಲ್ಲಿ ಆರಕ್ಕೇ ಹೋಗಿ ಕತ್ತಲಲ್ಲಿ ಕೂತ ಅನುಭವ ನನಗಿದೆ.

ಹೆಜ್ಜೆ 2: ಪಟ್ಟಿಗೆ ಕತ್ತರಿ ಹಾಕಿ

ಇದು ಕಷ್ಟದ ಕೆಲಸ. ಎಲಿಫೆಂಟಾ ಬಿಡಿ. ಗುಹೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಮೆಟ್ಟಿಲು. ಅರ್ಧ ದಿನ ಅಲ್ಲೇ ಹೋಗುತ್ತದೆ. ತ್ರಿಮೂರ್ತಿ ಇರುವ ಕಡೆ ಕತ್ತಲೆ, ಸ್ಟ್ಯಾಂಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಸೋಮವಾರ ಬಾಗಿಲೇ ತೆರೆಯುವುದಿಲ್ಲ. ಅದನ್ನು ಫೋಟೋದ ಅವಸರ ಇಲ್ಲದ ದಿನ ನೋಡಬೇಕು. ಹಾಜಿ ಅಲಿಯನ್ನೂ ಈ ಸಲ ಬಿಡಬಹುದು. ಹೋಗಲೇಬೇಕೆಂದರೆ ಉಬ್ಬರದ ಹೊತ್ತು ನೋಡಿಕೊಂಡು ಹೋಗಿ, ನೀರು ಏರಿದಾಗ ದರ್ಗಾಕ್ಕೆ ಹೋಗುವ ದಾರಿ ಮುಳುಗುತ್ತದೆ.

ನಾನು ಇಟ್ಟುಕೊಳ್ಳುವುದು ನಾಲ್ಕು: ಓವಲ್ ಮೈದಾನ, ಮರೀನ್ ಡ್ರೈವ್, ಗೇಟ್‌ವೇ, ವಿಟಿ. ನಾಲ್ಕೂ ದಕ್ಷಿಣ ಮುಂಬೈಯಲ್ಲೇ ಇವೆ. ನಡೆಯುವ ಅಭ್ಯಾಸ ಇದ್ದವರು ನಡೆದೇ ಮುಗಿಸಬಹುದು.

ಶನಿವಾರ ಮಧ್ಯಾಹ್ನ ತಲುಪಿ ಭಾನುವಾರ ರಾತ್ರಿ ಹೊರಡುವ ಹಾಗೆ ಟಿಕೆಟ್ ಮಾಡಿಸಿದರೆ ಒಂದು ಲಾಭ ಇದೆ. ಫೋರ್ಟ್ ಭಾಗ ಪೂರ್ತಿ ಆಫೀಸುಗಳದ್ದು. ಭಾನುವಾರ ಬೆಳಿಗ್ಗೆ ಅಲ್ಲಿನ ರಸ್ತೆಗಳು ಖಾಲಿ ಹೊಡೆಯುತ್ತವೆ. ನಷ್ಟವೂ ಇದೆ. ಭಾನುವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತದೆ, ಲೋಕಲ್ ರೈಲುಗಳು ಕಮ್ಮಿ. ಉಪನಗರದಲ್ಲಿ ಉಳಿದುಕೊಂಡಿದ್ದರೆ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಏರ್‌ಪೋರ್ಟ್ ಕಡೆಯಿಂದ ಬರುವವರಿಗೆ ಈಗ ಭೂಗತ ಮೆಟ್ರೋ ಇದೆ. 2025ರ ಅಕ್ಟೋಬರ್‌ನಿಂದ ಅದು ವಿಟಿ, ಚರ್ಚ್‌ಗೇಟ್ ದಾಟಿ ಕಫ್ ಪರೇಡ್‌ವರೆಗೂ ಓಡುತ್ತಿದೆ.

ಹೆಜ್ಜೆ 3: ಬ್ಯಾಗಿನಲ್ಲಿ ಏನಿರಬೇಕು

ಪವರ್ ಬ್ಯಾಂಕ್, ನೀರು, ಹಳೆಯ ಮೆತ್ತನೆ ಹತ್ತಿ ಬಟ್ಟೆ. ಈ ಬಟ್ಟೆಯನ್ನು ಮರೆಯಬೇಡಿ. ಮುಂಬೈ ಗಾಳಿಯಲ್ಲಿ ಉಪ್ಪು, ಬೆವರು, ಎಣ್ಣೆ ಎಲ್ಲ ಸೇರಿ ಲೆನ್ಸ್ ಮೇಲೆ ಒಂದು ಪೊರೆ ಕೂರುತ್ತದೆ. ರಾತ್ರಿ ಫೋಟೋದಲ್ಲಿ ದೀಪಗಳಿಂದ ಉದ್ದುದ್ದ ಗೆರೆ ಬರುತ್ತವಲ್ಲ, ಹತ್ತರಲ್ಲಿ ಒಂಬತ್ತು ಸಲ ಅದು ಬೆರಳಚ್ಚಿನ ಕೃಪೆ.

ಇನ್ನೊಂದು, ಎಸಿ ರೂಮಿನಿಂದ ನೇರ ಹೊರಗೆ ಬಂದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ, ಮಳೆಗಾಲದಲ್ಲಿ ಬಸ್ಸಿನ ಕಿಟಕಿ ಮಸುಕಾಗುವ ಹಾಗೆ. ಒರೆಸಿದರೆ ಮತ್ತೆ ಬರುತ್ತದೆ. ಹೊರಡುವ ಇಪ್ಪತ್ತು ನಿಮಿಷ ಮೊದಲೇ ಕ್ಯಾಮೆರಾವನ್ನು ಬ್ಯಾಗಿನಲ್ಲಿ ಹಾಕಿ ಎಸಿ ಆಫ್ ಮಾಡಿಬಿಡಿ.

ಟ್ರೈಪಾಡ್ ಒಯ್ಯಬೇಡಿ. ಗೇಟ್‌ವೇಯಲ್ಲಿ, ಸ್ಟೇಷನ್ನಿನಲ್ಲಿ ಮೂರು ಕಾಲು ಬಿಚ್ಚಿದ ತಕ್ಷಣ ಯಾರೋ ಬಂದು ಪರ್ಮಿಷನ್ ಕೇಳುತ್ತಾರೆ. ಮೊಬೈಲ್ ಹಿಡಿದವರನ್ನು ಯಾರೂ ಕೇಳುವುದಿಲ್ಲ. ಡ್ರೋನ್ ಅಂತೂ ಮನೆಯಲ್ಲೇ ಇರಲಿ, ಮುಂಬೈ ಪೊಲೀಸರು ಅದರ ಮೇಲೆ ಆಗಾಗ ನಿಷೇಧ ಹೊರಡಿಸುತ್ತಲೇ ಇರುತ್ತಾರೆ.

ಮೊಬೈಲ್‌ನಲ್ಲಿ ಎರಡು ಸೆಟ್ಟಿಂಗ್ ಮಾತ್ರ ಈಗಲೇ ಮಾಡಿ: ಗ್ರಿಡ್ ಗೆರೆಗಳನ್ನು ಆನ್ ಮಾಡಿ, ಮೆಮೊರಿ ಖಾಲಿ ಮಾಡಿ. ಸೂರ್ಯ ಮುಳುಗುವ ನಿಮಿಷಕ್ಕೆ ಸರಿಯಾಗಿ ಸ್ಟೋರೇಜ್ ಫುಲ್ ಅಂತ ಬಂದು, ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಒಂದೊಂದಾಗಿ ಅಳಿಸುತ್ತ ಕೂತವನ ಮಾತು ಇದು.

ಹೆಜ್ಜೆ 4: ಶನಿವಾರ ಸಂಜೆ, ಓವಲ್‌ನಿಂದ ಮರೀನ್ ಡ್ರೈವ್‌ಗೆ

ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಇರುವಾಗ ಓವಲ್ ಮೈದಾನದಲ್ಲಿರಿ. ಚರ್ಚ್‌ಗೇಟ್ ಸ್ಟೇಷನ್ನಿನಿಂದ ಐದು ನಿಮಿಷ.

ದಿಕ್ಕಿನ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೈದಾನದ ಪೂರ್ವಕ್ಕೆ 19ನೇ ಶತಮಾನದ ಗೋಥಿಕ್ ಕಟ್ಟಡಗಳು: ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೋ ಮನೆಗಳು, ದುಂಡನೆ ಬಾಲ್ಕನಿ, ತಿಳಿ ಬಣ್ಣ. ಎರಡೂ ಸೇರಿ 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಬೆಳಿಗ್ಗೆ ಬಂದರೆ ಬಾಲ್ಕನಿಗಳ ಮೇಲೆ ಬಿಸಿಲು, ಗೋಪುರ ಕಪ್ಪು. ಸಂಜೆ ಬಂದರೆ ಗೋಪುರದ ಮೇಲೆ ಬಿಸಿಲು, ಬಾಲ್ಕನಿಗಳು ಮಂಕು. ಮೈದಾನದ ನಡುವೆ ನಿಂತು ತಿರುಗಿದರೆ ಸಾಕು, ಯಾವ ಪುಸ್ತಕವೂ ಬೇಡ.

ಸಂಜೆ ಬಂದಿದ್ದೇವೆ, ಹಾಗಾಗಿ ಗೋಪುರ. 1878ರಲ್ಲಿ ಮುಗಿದದ್ದು, 85 ಮೀಟರ್ ಎತ್ತರ. ದುಡ್ಡು ಕೊಟ್ಟ ಪ್ರೇಮ್‌ಚಂದ್ ರಾಯ್‌ಚಂದ್ ಅನ್ನುವ ವ್ಯಾಪಾರಿ ಇದಕ್ಕೆ ತನ್ನ ತಾಯಿಯ ಹೆಸರಿಟ್ಟ. ಇಷ್ಟು ಎತ್ತರದ್ದನ್ನು ಹತ್ತಿರ ಹೋಗಿ ಮೊಬೈಲ್ ಮೇಲಕ್ಕೆತ್ತಿ ತೆಗೆದರೆ ಗೋಪುರ ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತದೆ. ಆದಷ್ಟು ದೂರ ಹೋಗಿ. ಮೈದಾನದ ಪಶ್ಚಿಮದ ಬೇಲಿಯವರೆಗೂ ಹಿಂದೆ ಸರಿಯಿರಿ. ಮೊಬೈಲನ್ನು ಗೋಡೆಗೆ ಕನ್ನಡಿ ನಿಲ್ಲಿಸಿದ ಹಾಗೆ ನೆಟ್ಟಗೆ ಹಿಡಿಯಿರಿ, ಓರೆ ಬೇಡ. ವೈಡ್ ಲೆನ್ಸ್ ಬೇಡ, ಎರಡು ಪಟ್ಟು ಝೂಮ್ ಇಡಿ. ಕೆಳಗೆ ಹುಲ್ಲು ಜಾಸ್ತಿ ಬಂತಾ? ಬರಲಿ, ಆಮೇಲೆ ಕತ್ತರಿಸಿದರಾಯಿತು. ಗೋಪುರ ನೆಟ್ಟಗೆ ಬರಬೇಕು.

ಶನಿವಾರ ಓವಲ್‌ನಲ್ಲಿ ಹತ್ತಾರು ಕ್ರಿಕೆಟ್ ಆಟಗಳು ಒಂದರ ಮೇಲೊಂದು ನಡೆಯುತ್ತಿರುತ್ತವೆ. ಒಬ್ಬರ ಪಾಯಿಂಟ್ ಫೀಲ್ಡರ್ ಇನ್ನೊಬ್ಬರ ಫೈನ್ ಲೆಗ್ ಪಕ್ಕದಲ್ಲಿ ನಿಂತಿರುತ್ತಾನೆ. ಇವರು ಫ್ರೇಮ್ ಹಾಳುಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಬೌಲರ್ ಓಡಿ ಬರುವ ದಾರಿ ನೋಡಿ, ಅವನು ಕೈ ಎತ್ತಿದಾಗ ಗೋಪುರ ಅವನ ಹಿಂದೆ ಬರುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂರಿ. ಒಂದು ಓವರ್ ಅಂದರೆ ಆರು ಅವಕಾಶ. ನನ್ನ ಮನೆಯ ಗೋಡೆ ಮೇಲಿರುವ ಏಕೈಕ ಮುಂಬೈ ಫೋಟೋ ಇಂಥದ್ದೇ, ನಾಲ್ಕನೇ ಬಾಲಿನದ್ದು. ಅದು ನೋ ಬಾಲ್ ಆಗಿತ್ತು ಅನ್ನುವುದು ಬೇರೆ ವಿಷಯ.

ಸೂರ್ಯಾಸ್ತಕ್ಕೆ ಅರ್ಧ ಗಂಟೆ ಇರುವಾಗ ಎದ್ದು ಹೊರಡಿ. ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಸಮುದ್ರ. ಮರೀನ್ ಡ್ರೈವ್ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಬಿಲ್ಲು. ಬಿಲ್ಲಿನ ನಡುವೆ ನಿಂತರೆ ಬಾಗು ಕಾಣುವುದಿಲ್ಲ, ಬರೀ ನೇರ ರಸ್ತೆಯ ಹಾಗೆ ಬರುತ್ತದೆ. ತುದಿಗೆ ಹೋಗಬೇಕು. ನಾರಿಮನ್ ಪಾಯಿಂಟ್ ತುದಿಯಿಂದ ಉತ್ತರಕ್ಕೆ ನೋಡಿದರೆ ಎಡಕ್ಕೆ ನೀರು, ಎದುರು ಮಲಬಾರ್ ಹಿಲ್, ಬಲಕ್ಕೆ ಬಾಗಿಕೊಂಡು ಹೋಗುವ ಕಟ್ಟಡಗಳ ಸಾಲು.

ಸೂರ್ಯ ಮುಳುಗುವಾಗ ಎಲ್ಲರೂ ಸೂರ್ಯನನ್ನೇ ತೆಗೆಯುತ್ತಾರೆ. ತೆಗೆಯಿರಿ, ಎರಡೇ ಎರಡು. ಪರದೆಯ ಮೇಲೆ ಸೂರ್ಯನ ಪಕ್ಕ ಬೆರಳು ಒತ್ತಿಹಿಡಿದು ಬೆಳಕನ್ನು ಕೆಳಕ್ಕೆ ಎಳೆಯಿರಿ, ಬಣ್ಣ ಉಳಿಯುತ್ತದೆ. ಆಮೇಲೆ ಜನ ಎದ್ದು ಹೊರಡುತ್ತಾರೆ. ನೀವು ಏಳಬೇಡಿ. ನಿಮ್ಮ ಫೋಟೋ ಇನ್ನೂ ಬಂದಿಲ್ಲ.

ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಆಕಾಶ ಇಂಕಿನ ನೀಲಿಗೆ ತಿರುಗುತ್ತದೆ. ರಸ್ತೆಯ ದೀಪಗಳು ಹತ್ತಿಕೊಂಡಿರುತ್ತವೆ. ಕ್ವೀನ್ಸ್ ನೆಕ್ಲೆಸ್ ಅಂತ ಕರೆಯುವುದು ಈ ದೀಪದ ಸಾಲನ್ನೇ. ನೀಲಿ ಇದ್ದಾಗಲೇ ದೀಪವೂ ಇರುವ ಹೊತ್ತು ತುಂಬ ಚಿಕ್ಕದು, ಹತ್ತು ನಿಮಿಷವೂ ಇಲ್ಲ. ಕತ್ತಲು ಪೂರ್ತಿ ಬಿದ್ದರೆ ಆಕಾಶ ಬರೀ ಕಪ್ಪು, ದೀಪಗಳು ಬರೀ ಚುಕ್ಕಿ. ಮೊಬೈಲನ್ನು ಕಟ್ಟೆಯ ಮೇಲೆ ಇಟ್ಟು, ಹಿಂದೆ ನೀರಿನ ಬಾಟಲಿ ಆನಿಸಿ, ನೈಟ್ ಮೋಡ್ ಹಾಕಿ, ಎರಡು ಸೆಕೆಂಡಿನ ಟೈಮರ್ ಒತ್ತಿ ಕೈ ತೆಗೆಯಿರಿ. ಟ್ರೈಪಾಡ್ ಮಾಡುವ ಕೆಲಸವನ್ನು ಬಾಟಲಿ ಮಾಡುತ್ತದೆ.

ಇದೇ ಬಾಗನ್ನು ಮೇಲಿನಿಂದ ಬೇಕೆಂದರೆ ಮಲಬಾರ್ ಹಿಲ್‌ನ ಕಮಲಾ ನೆಹರೂ ಪಾರ್ಕ್‌ಗೆ ಹೋಗಬಹುದು. ಒಂದೇ ಸಂಜೆಯಲ್ಲಿ ಎರಡೂ ಆಗುವುದಿಲ್ಲ. ನನಗೆ ಕೆಳಗಿನದೇ ಇಷ್ಟ. ಪಕ್ಕದಲ್ಲಿ ಯಾರೋ ಜೋಳ ಸುಡುತ್ತಿರುತ್ತಾರೆ.

ಹೆಜ್ಜೆ 5: ಭಾನುವಾರ ಬೆಳಿಗ್ಗೆ, ಗೇಟ್‌ವೇಯಲ್ಲಿ ಮೂರು ಸಲ ಜಾಗ ಬದಲಿಸಿ

ಇದಕ್ಕೊಂದು ತಮಾಷೆಯ ಹಿನ್ನೆಲೆ ಇದೆ. 1911ರ ಡಿಸೆಂಬರ್ 2ರಂದು ಐದನೇ ಜಾರ್ಜ್ ದೊರೆ ಇಲ್ಲಿ ಹಡಗಿನಿಂದ ಇಳಿದ ನೆನಪಿಗೆ ಕಟ್ಟಿದ ಬಾಗಿಲು ಇದು. ಆದರೆ ದೊರೆ ಇಳಿದಾಗ ಬಾಗಿಲು ಇರಲೇ ಇಲ್ಲ. ಅವನು ನೋಡಿದ್ದು ರಟ್ಟಿನ ಮಾದರಿಯನ್ನು. ಜಾರ್ಜ್ ವಿಟೆಟ್ ಅನ್ನುವ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಕಲ್ಲಿನದು ಮುಗಿದು ಉದ್ಘಾಟನೆ ಆಗಿದ್ದು 1924ರ ಡಿಸೆಂಬರ್‌ನಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಇದೇ ಬಾಗಿಲಿನಿಂದ ಹೊರಟಿತು. ಸ್ವಾಗತಕ್ಕೆ ಕಟ್ಟಿದ್ದು ಬೀಳ್ಕೊಡುಗೆಗೆ ಬಂತು.

26 ಮೀಟರ್ ಎತ್ತರ, ಹಳದಿ ಛಾಯೆಯ ಬಸಾಲ್ಟ್ ಕಲ್ಲು. ಈ ಹಳದಿಯನ್ನು ನೆನಪಿಡಿ. ಮಧ್ಯಾಹ್ನ ಇದು ಮಣ್ಣಿನ ಬಣ್ಣ, ಬೆಳಿಗ್ಗೆ ಏಳೂವರೆಗೆ ಬೆಲ್ಲದ ಬಣ್ಣ.

ಸೂರ್ಯೋದಯಕ್ಕೆ ಇಪ್ಪತ್ತು ನಿಮಿಷ ಮೊದಲು ಅಲ್ಲಿರಿ. ಬ್ಯಾಗ್ ತಪಾಸಣೆ ಇರುತ್ತದೆ. ಗಣ್ಯರು ಬರುವ ದಿನ, ಯಾವುದಾದರೂ ಕಾರ್ಯಕ್ರಮದ ದಿನ ಒಳಗೆ ಬಿಡುವುದಿಲ್ಲ. ಹಾಗಾದರೆ ತಾಜ್ ದಾಟಿ ದಕ್ಷಿಣಕ್ಕೆ ಸಮುದ್ರದ ಗೋಡೆಯುದ್ದಕ್ಕೂ ಸ್ವಲ್ಪ ನಡೆದು ಅಲ್ಲಿಂದ ತೆಗೆಯಿರಿ, ದೋಣಿಗಳೂ ಬರುತ್ತವೆ.

ಮೊದಲ ಜಾಗ: ಊರಿನ ಕಡೆ. ಕಮಾನಿಗೆ ನೇರವಾಗಿ, ಸಾಕಷ್ಟು ದೂರದಲ್ಲಿ ನಿಲ್ಲಿ. ಸೂರ್ಯ ಸಮುದ್ರದ ಕಡೆಯಿಂದ ಬರುವುದರಿಂದ ಕಲ್ಲು ಕಪ್ಪಾಗಿಯೇ ಬರುತ್ತದೆ. ಬರಲಿ. ಎಚ್‌ಡಿಆರ್ ಆಫ್ ಮಾಡಿ. ಇಲ್ಲದಿದ್ದರೆ ಮೊಬೈಲ್ ಬುದ್ಧಿವಂತಿಕೆ ತೋರಿಸಿ ಕಪ್ಪನ್ನೆಲ್ಲ ಬೂದಿ ಮಾಡುತ್ತದೆ. ಆಕಾಶದ ಮೇಲೆ ಬೆರಳಿಟ್ಟು ಬೆಳಕು ಇಳಿಸಿ. ಕಮಾನಿನ ತೆರವಿನಲ್ಲಿ ಒಬ್ಬರೇ ಒಬ್ಬರು ನಡೆದುಹೋಗುವವರೆಗೆ ಕಾಯಿರಿ. ಆ ಒಬ್ಬರು ಸಿಕ್ಕರೆ ಬಾಗಿಲು ಎಷ್ಟು ದೊಡ್ಡದು ಅನ್ನುವುದು ಹೇಳದೆಯೇ ಗೊತ್ತಾಗುತ್ತದೆ.

ಎರಡನೇ ಜಾಗ: ಸೂರ್ಯ ಹುಟ್ಟಿ ಹತ್ತು ಹದಿನೈದು ನಿಮಿಷಕ್ಕೆ ಸಮುದ್ರದ ಅಂಚಿಗೆ ಹೋಗಿ ಹಿಂದಿರುಗಿ ನೋಡಿ. ಎಲ್ಲರೂ ಇನ್ನೂ ಸೂರ್ಯನ ಕಡೆಗೇ ತಿರುಗಿರುತ್ತಾರೆ. ಅವರ ಬೆನ್ನ ಹಿಂದೆ ತಾಜ್ ಹೋಟೆಲ್ ಹೊತ್ತಿಕೊಂಡಿರುತ್ತದೆ. 1903ರಲ್ಲಿ ತೆರೆದ ಹಳೆಯ ಕಟ್ಟಡ, ಅದರ ಕೆಂಪು ಗುಮ್ಮಟ, ಸಾಲು ಕಿಟಕಿಗಳ ಗಾಜು ಒಂದೊಂದೂ ಮಿಂಚುತ್ತಿರುತ್ತದೆ. ಇಲ್ಲಿ ಮನೆಯವರನ್ನು ನಿಲ್ಲಿಸಿ. ಬೆಳಕು ಎದುರಿನಿಂದ, ಆದರೆ ಮೆದು. ಯಾರೂ ಕಣ್ಣು ಕಿರಿದು ಮಾಡುವುದಿಲ್ಲ. ಮುಖ, ಕಟ್ಟಡ ಎರಡೂ ಒಂದೇ ಬಣ್ಣಕ್ಕೆ ಬರುತ್ತವೆ.

ಗುಂಪು ಫೋಟೋಗೆ ಒಂದು ಮಾತು. ಮನೆಯವರನ್ನು ಕಟ್ಟಡದ ಬುಡಕ್ಕೆ ಕಳಿಸಿ ನೀವು ಇಲ್ಲಿಂದ ತೆಗೆದರೆ ಇರುವೆ ಸಾಲಿನ ಹಾಗೆ ಬರುತ್ತಾರೆ. ಅವರನ್ನು ನಿಮ್ಮ ಹತ್ತಿರ ಕರೆಯಿರಿ, ಸೊಂಟದವರೆಗೆ ಬಂದರೆ ಸಾಕು. ಕಟ್ಟಡ ದೂರದಲ್ಲೇ ಇರಲಿ. ಗೇಟ್‌ವೇಯಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ತಕ್ಷಣ ಪ್ರಿಂಟ್ ಕೊಡುವ ಫೋಟೋಗ್ರಾಫರುಗಳಿದ್ದಾರೆ. ಅವರು ಗಿರಾಕಿಯನ್ನು ಎಲ್ಲಿ ನಿಲ್ಲಿಸುತ್ತಾರೆ, ಯಾವ ಗಂಟೆಗೆ ಯಾವ ಮೂಲೆಗೆ ಸರಿಯುತ್ತಾರೆ ಅಂತ ಐದು ನಿಮಿಷ ಸುಮ್ನೆ ನಿಂತು ನೋಡಿ. ದಿನಾ ಅದೇ ಕೆಲಸ ಮಾಡುವವರು, ಬೆಳಕು ಅವರಿಗೆ ಬಾಯಿಪಾಠ. ನಾನಂತೂ ಒಂದು ಪ್ರಿಂಟ್ ತೆಗೆಸಿಯೇ ತೆಗೆಸುತ್ತೇನೆ, ಎಲ್ಲರೂ ಒಟ್ಟಿಗೆ ಇರುವ ಫೋಟೋ ಅದೊಂದೇ ಆಗಿರುತ್ತದೆ.

ಮೂರನೇ ಜಾಗ: ನೀರಿನ ಮೇಲೆ. ಒಂಬತ್ತರ ಹೊತ್ತಿಗೆ ದೋಣಿಗಳು ಶುರುವಾಗುತ್ತವೆ. ಎಲಿಫೆಂಟಾಕ್ಕೆ ಹೋಗದಿದ್ದರೂ ಬಂದರಿನಲ್ಲಿ ಒಂದು ಸುತ್ತು ಹಾಕಿಸಿ ತರುವ ದೋಣಿಗಳಿವೆ. ಗೇಟ್‌ವೇ ಮತ್ತು ತಾಜ್ ಪಕ್ಕಪಕ್ಕ ಪೂರ್ತಿಯಾಗಿ ಸಿಗುವುದು ಇಲ್ಲಿಂದ ಮಾತ್ರ. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಇದೇ ಸುತ್ತನ್ನು ಮಧ್ಯಾಹ್ನ ಮೂರಕ್ಕೆ ಹಾಕಿದರೆ ಎರಡೂ ಕಪ್ಪು. ದೋಣಿ ಅಲುಗಾಡುತ್ತದೆ, ಹಾಗಾಗಿ ಒಂದೊಂದೇ ಒತ್ತುವ ಬದಲು ಬರ್ಸ್ಟ್ ಇಟ್ಟು ಐದಾರು ತೆಗೆಯಿರಿ. ನೀರಿನ ಗೆರೆ ಗ್ರಿಡ್ ಗೆರೆಗೆ ಸಮ ಇರುವುದನ್ನು ಆರಿಸಿಕೊಳ್ಳಿ. ಲೈಫ್ ಜಾಕೆಟ್ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಬಿಚ್ಚಬೇಡಿ. ಉತ್ತರದ ಕಡೆ ನೌಕಾಪಡೆಯ ಡಾಕ್‌ಯಾರ್ಡ್ ಇದೆ. ಅತ್ತ ಯುದ್ಧನೌಕೆ ಕಂಡರೆ ಕಣ್ಣಿಂದ ನೋಡಿ, ಮೊಬೈಲ್ ಎತ್ತಬೇಡಿ.

ಹೆಜ್ಜೆ 6: ಬಿಸಿಲೇರಿದ ಮೇಲೆ

ಹತ್ತೂವರೆಯಿಂದ ಮೂರೂವರೆವರೆಗೆ ದೊಡ್ಡ ಕಟ್ಟಡಗಳ ಕಡೆ ಹೋಗಬೇಡಿ. ಫೋರ್ಟ್‌ನ ಓಣಿಗಳಲ್ಲಿ ನೆರಳಿದೆ. ಹಳೆಯ ಬಾಗಿಲು, ಕಲ್ಲಿನ ಮುಖ, ಚಹಾ ಅಂಗಡಿ, ಇಂಥವಕ್ಕೆ ನೆರಳೇ ಸರಿ. ಹೊಟ್ಟೆಗೆ ಚಿಂತೆ ಇಲ್ಲ, ಉಡುಪಿ ಹೋಟೆಲುಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಕ್ಯಾಶ್ ಕೌಂಟರಿನಲ್ಲಿ ತುಳುವೋ ಕನ್ನಡವೋ ಕಿವಿಗೆ ಬಿದ್ದರೆ ಧೈರ್ಯವಾಗಿ ಚಾರ್ಜರ್ ಕೇಳಿ. ನನಗೆ ಚಾರ್ಜರ್ ಜೊತೆ ಕುಂದಾಪುರದ ಮಳೆಯ ಸುದ್ದಿಯೂ ಸಿಕ್ಕಿತ್ತು.

ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯನ್ನು ಹುಡುಕುತ್ತ ಅಲೆಯಬೇಡಿ. ಹಳೆಯ ಕಪ್ಪು ಹಳದಿ ಪದ್ಮಿನಿಗಳು 2023ರಲ್ಲಿ ರಸ್ತೆ ಬಿಟ್ಟವು. ಡೀಸೆಲ್ ಡಬಲ್ ಡೆಕ್ಕರ್ ಬಸ್ಸೂ ಅದೇ ವರ್ಷ ಹೋಯಿತು. ಈಗ ಇರುವುದು ಬೇರೆ ಕಾರುಗಳ ಕಪ್ಪು ಹಳದಿ ಟ್ಯಾಕ್ಸಿ, ಕರೆಂಟಿನ ಎಸಿ ಡಬಲ್ ಡೆಕ್ಕರ್.

ಎರಡನೇ ಬೆಳಗು ಸಿಕ್ಕವರು ಧೋಬಿ ಘಾಟ್‌ಗೆ ಹೋಗಬಹುದು. ಮಹಾಲಕ್ಷ್ಮಿ ಸ್ಟೇಷನ್ನಿಗೆ ಸ್ಲೋ ಲೋಕಲ್ ಹಿಡಿಯಬೇಕು, ಫಾಸ್ಟ್ ರೈಲು ಅಲ್ಲಿ ನಿಲ್ಲುವುದಿಲ್ಲ. ಹೊರಗಿನ ಸೇತುವೆಯಿಂದಲೇ ಒಗೆಯುವ ಕಲ್ಲುಗಳ ಸಾಲು, ಒಣಗಲು ಹಾಕಿದ ಬಟ್ಟೆ ಎಲ್ಲ ಕಾಣುತ್ತದೆ. ಕೆಳಗಿಳಿದು ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಕೇಳಿ. ಬೇಡ ಅಂದರೆ ಬೇಡ. ಅವರು ಕೆಲಸದಲ್ಲಿದ್ದಾರೆ.

ಹೆಜ್ಜೆ 7: ಭಾನುವಾರ ಸಂಜೆ, ವಿಟಿಗೆ ಮೂರು ಗಂಟೆ ಕೊಡಿ

ಹೆಸರು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಮಹಾರಾಜ್ ಸೇರಿತು. ಟ್ಯಾಕ್ಸಿಯವರಿಗೆ ವಿಟಿ ಅಂದರೂ ಗೊತ್ತಾಗುತ್ತದೆ. ಲಗೇಜ್ ಇದ್ದರೆ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಡಿ. ಬೀಗ ಇಲ್ಲದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ, ಒಂದು ಪುಟ್ಟ ಬೀಗ ಮನೆಯಿಂದಲೇ ತನ್ನಿ.

ನಾಲ್ಕು ಗಂಟೆಗೆ ಶುರು ಮಾಡಿ, ದೂರದಿಂದ ಅಲ್ಲ, ಹತ್ತಿರದಿಂದ. ಎಫ್. ಡಬ್ಲ್ಯು. ಸ್ಟೀವನ್ಸ್ ಅನ್ನುವವನು ವಿನ್ಯಾಸ ಮಾಡಿದ ಈ ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ, ಮುಗಿಯಲು ಹತ್ತು ವರ್ಷ ಹಿಡಿಯಿತು. ಇಲ್ಲಿನ ಕೆತ್ತನೆಗಳಲ್ಲಿ ಬಾಂಬೆಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ. ಗೇಟಿನ ಎರಡು ಕಂಬಗಳನ್ನು ನೋಡಿ. ಒಂದರ ಮೇಲೆ ಸಿಂಹ, ಬ್ರಿಟನ್ನಿನದು. ಇನ್ನೊಂದರ ಮೇಲೆ ಹುಲಿ, ನಮ್ಮದು. ದಿನಾ ಲಕ್ಷಗಟ್ಟಲೆ ಜನ ಈ ಸ್ಟೇಷನ್ ಹೊಕ್ಕು ಹೊರಡುತ್ತಾರೆ, ತಲೆ ಎತ್ತಿ ಹುಲಿಯನ್ನು ನೋಡುವವರು ಎಷ್ಟು ಜನ ಇದ್ದಾರೋ. ಬಿಸಿಲು ಓರೆಯಾಗಿ ಬಿದ್ದಾಗ ಅದರ ಕೆತ್ತನೆಯ ಗೆರೆಗಳು ಎದ್ದು ಕಾಣುತ್ತವೆ. ನೇರ ಬಿಸಿಲಲ್ಲಿ ಅದೇ ಹುಲಿ ಸಿಮೆಂಟಿನ ಬೆಕ್ಕು. ಮೂರು ಪಟ್ಟೋ ಐದು ಪಟ್ಟೋ ಝೂಮ್ ಇಡಿ, ಹಿಂದೆ ಬರೀ ಆಕಾಶ ಬರುವ ಹಾಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಎರಡೇ ಹೆಜ್ಜೆಯಲ್ಲಿ ಕರೆಂಟ್ ವೈರು, ಬೋರ್ಡು ಎಲ್ಲ ಫ್ರೇಮಿನಿಂದ ಹೊರಗೆ ಹೋಗುತ್ತವೆ. ಹಾಗೇ ಮೇಲೆ ಗುಮ್ಮಟದ ತುದಿ ನೋಡಿ. ಪ್ರಗತಿಯ ಸಂಕೇತವಾಗಿ ನಿಂತ ಹೆಂಗಸಿನ ವಿಗ್ರಹ, ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಚಕ್ರ.

ಐದರ ಮೇಲೆ ರಸ್ತೆಯ ಆಚೆ ಹೋಗಿ. ಸಬ್‌ವೇ ಬಳಸಿ, ಬಸ್ಸುಗಳ ನಡುವೆ ಓಡಬೇಡಿ. ಎದುರಿಗಿರುವುದು ಮಹಾನಗರ ಪಾಲಿಕೆಯ ಕಟ್ಟಡ, ಅದೂ ಸ್ಟೀವನ್ಸ್‌ದೇ, 1893ರದ್ದು. ಅದರ ಹತ್ತಿರ ಪಾಲಿಕೆಯೇ ಮಾಡಿರುವ ಸೆಲ್ಫಿ ಪಾಯಿಂಟ್ ಇದೆ. ಹೆಸರು ಕೇಳಿ ಮೂಗು ಮುರಿಯಬೇಡಿ, ವಿಟಿ ಪೂರ್ತಿ ಸಿಗುವ ಒಳ್ಳೆಯ ಜಾಗ ಅದು. ಸೂರ್ಯ ಬೆನ್ನಿಗೆ, ಎದುರು ಇಡೀ ಮುಖ ಬೆಳಗಿರುತ್ತದೆ. ಈ ಫೋಟೋಗೆ ಯಾವ ಕಸರತ್ತೂ ಬೇಡ. ಮೊದಲ ಸಲ ಬೆಳಿಗ್ಗೆ ಎಂಟಕ್ಕೆ ಮಸಿಯಾಗಿ ಬಂದ ಅದೇ ಗೋಡೆ ಇದು.

ಕತ್ತಲಾಗುವವರೆಗೂ ಇರಿ. ದೀಪ ಹತ್ತಿದ ಮೇಲೆ ಬಸ್ಸುಗಳ ಬೆಳಕನ್ನು ಗೆರೆಯಾಗಿ ಹಿಡಿಯಬಹುದು. ಕೈಯನ್ನು ಕಂಬಿಗೆ ಒತ್ತಿ, ಮೊಬೈಲನ್ನು ಕಂಬಿಯ ಮೇಲೆ ಕೂರಿಸಿ, ಲಾಂಗ್ ಎಕ್ಸ್‌ಪೋಷರ್ ಮೋಡ್‌ನಲ್ಲಿ ಮೂರ್ನಾಲ್ಕು ಸೆಕೆಂಡು ಇಡಿ. ಕ್ಯಾಮೆರಾ ಆದರೆ ಐಎಸ್‌ಒ 100, ಎಫ್/8, ನಾಲ್ಕು ಸೆಕೆಂಡಿನಿಂದ ಶುರು ಮಾಡಿ. ಸಿಗ್ನಲ್ ಹಸಿರಾದ ಕೂಡಲೇ ಒತ್ತಬೇಡಿ, ಎರಡು ಸೆಕೆಂಡು ಬಿಡಿ. ಬಸ್ಸು ಫ್ರೇಮಿನ ಅಂಚಿಗೆ ಬಂದಾಗ ಒತ್ತಿದರೆ ಗೆರೆ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಮೊದಲ ಹತ್ತು ಹಾಳಾಗುತ್ತವೆ. ಸಿಗ್ನಲ್ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ, ಅವಸರ ಏನಿಲ್ಲ.

ಉಳಿದುಕೊಂಡಿರುವುದು ಅಂಧೇರಿ, ಬಾಂದ್ರಾ ಕಡೆಯಾದರೆ ಈ ಸಂಜೆಯನ್ನು ಸೀ ಲಿಂಕ್‌ಗೆ ಕೊಡಬಹುದು. 2009ರಲ್ಲಿ ತೆರೆದ, 5.6 ಕಿಲೋಮೀಟರಿನ ಆ ಸೇತುವೆ ಮೇಲೆ ನಡೆಯುವಂತಿಲ್ಲ, ಬೈಕೂ ಹೋಗುವಂತಿಲ್ಲ. ಟ್ಯಾಕ್ಸಿಯಿಂದ ತೆಗೆದರೆ ಬರೀ ತಂತಿ. ಬಾಂದ್ರಾ ಕೋಟೆಯಿಂದ ಪಕ್ಕದ ನೋಟ ಸಿಗುತ್ತದೆ. ಕೋಟೆ ಬೇಗ ಮುಚ್ಚಬಹುದು, ದೀಪ ಹತ್ತಿದ ಮೇಲಿನದ್ದಕ್ಕೆ ಬಾಂದ್ರಾ ರಿಕ್ಲಮೇಷನ್ ಕಡೆಯ ಸಮುದ್ರ ದಂಡೆಯ ನಡಿಗೆ ದಾರಿಗೆ ಹೋಗಿ. ವಿಟಿಯಾ ಸೀ ಲಿಂಕಾ ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ವಿಟಿ ಅನ್ನುತ್ತೇನೆ.

ಮಳೆಗಾಲದಲ್ಲಿ ಹೋದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ದಿಕ್ಕಿನ ಲೆಕ್ಕದಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ, ಸೂರ್ಯನೇ ಇರುವುದಿಲ್ಲ. ಬದಲಿಗೆ ರಸ್ತೆ ಕನ್ನಡಿಯಾಗುತ್ತದೆ. ವಿಟಿ ಎದುರು ಒಂದು ಸಣ್ಣ ನೀರಿನ ಗುಂಡಿ ಸಿಕ್ಕರೆ ಮೊಬೈಲನ್ನು ತಲೆಕೆಳಗಾಗಿ ಹಿಡಿದು, ಲೆನ್ಸ್ ನೀರಿಗೆ ತಾಗುವಷ್ಟು ಹತ್ತಿರ ತನ್ನಿ. ಇಡೀ ಸ್ಟೇಷನ್ ಗುಂಡಿಯೊಳಗೆ ಇರುತ್ತದೆ. ದೋಣಿಗಳು ಹವಾಮಾನ ನೋಡಿ ಹೊರಡುತ್ತವೆ, ಅವನ್ನು ನಂಬಿಕೊಳ್ಳಬೇಡಿ. ಮರೀನ್ ಡ್ರೈವ್‌ನಲ್ಲಿ ದೊಡ್ಡ ಉಬ್ಬರದ ದಿನ ಅಲೆ ಗೋಡೆ ಹಾರಿ ರಸ್ತೆಗೆ ಬೀಳುತ್ತದೆ. ಫೋಟೋ ಭರ್ಜರಿ ಬರುತ್ತದೆ, ಆದರೆ ರಸ್ತೆಯ ಆಚೆಯ ಫುಟ್‌ಪಾತಿನಿಂದ. ಕಟ್ಟೆ ಮೇಲೆ, ಅಲೆ ತಡೆಯಲು ಹಾಕಿರುವ ಕಾಂಕ್ರೀಟಿನ ಟೆಟ್ರಾಪಾಡ್‌ಗಳ ಮೇಲೆ ಇಳಿಯಬೇಡಿ. ಅಲ್ಲಿ ಜಾರಿ ಹೋದವರಿದ್ದಾರೆ.

ಹೆಜ್ಜೆ 8: ವಾಪಸ್ಸಿನ ದಾರಿಯಲ್ಲಿ

ಬಸ್ಸೋ ರೈಲೋ ಹತ್ತಿ ಕೂತ ಮೇಲೆ, ನಿದ್ದೆ ಬರುವ ಮೊದಲು ಫೋಟೋ ಆರಿಸಿ. ಮನೆಗೆ ಹೋದ ಮೇಲೆ ಯಾರೂ ಆರಿಸುವುದಿಲ್ಲ. ಒಂದೊಂದು ಜಾಗಕ್ಕೆ ಐದು ಇಟ್ಟುಕೊಳ್ಳಿ, ಉಳಿದದ್ದಕ್ಕೆ ಗುರುತು ಹಾಕಿ. ಅಳಿಸುವುದು ಮಾತ್ರ ಮನೆಗೆ ಹೋಗಿ ದೊಡ್ಡ ಪರದೆಯಲ್ಲಿ ನೋಡಿದ ಮೇಲೆ. ಅರೆನಿದ್ದೆಯಲ್ಲಿ ನಾನು ಒಮ್ಮೆ ತಾಜ್‌ನ ಒಳ್ಳೆಯದನ್ನೇ ಅಳಿಸಿ ಮಸುಕಾದದ್ದನ್ನು ಇಟ್ಟುಕೊಂಡಿದ್ದೆ.

ನೆಟ್‌ವರ್ಕ್ ಸಿಕ್ಕಾಗ ಆರಿಸಿದ್ದನ್ನು ಕ್ಲೌಡ್‌ಗೆ ಹಾಕಿ, ಮನೆಯವರಿಗೆ ಕಳಿಸುವುದಾದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಪ್ರಿಂಟ್ ಹಾಕಿಸುವಾಗ ಹುಲಿಯ ಮೀಸೆ ಕಾಣುವುದಿಲ್ಲ.